ಜೀಪಿನಲ್ಲಿ ನಡುಗಿದ ಹಾಡುಗಳು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಜಾನಪದ ಪತ್ರಿಕೆಯ ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ನಾನು ಅವರಲ್ಲಿ ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: "ಧ್ವನಿಮುದ್ರಿಸಿ ತಂದ ಹಾಡನ್ನು ಎಲ್ಲಿ ಇಡುತ್ತೀರಿ?" ಯಾರನ್ನು ಹಾಡಿಸಬೇಕು, ಪಾಠಾಂತರವನ್ನು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗಳಿಗೆ ಸಿದ್ಧರಾಗಿ ಬಂದವರು ಇದಕ್ಕೆ ನಗುತ್ತಾರೆ. "ಮೊಬೈಲಿನಲ್ಲೇ ಇರುತ್ತದೆ ಸರ್" ಎನ್ನುತ್ತಾರೆ. ಆ ನಗುವಿನಲ್ಲಿ ಪಾಲುಗೊಳ್ಳಲು ನನಗೆ ಆಗುವುದಿಲ್ಲ. ಕಾರಣವನ್ನು ತರಗತಿಯಲ್ಲಿ ಪೂರ್ತಿಯಾಗಿ ಹೇಳಿದವನೂ ಅಲ್ಲ. ವಿಭಾಗದ ವಾರ್ತಾಪತ್ರಕ್ಕೆ ಏನಾದರೂ ಬರೆಯಬೇಕೆಂದು ಸಹೋದ್ಯೋಗಿಗಳು ಕೇಳಿದಾಗ ಈ ಸಲ ಅದನ್ನೇ ಬರೆಯುವುದೆಂದು ನಿಶ್ಚಯಿಸಿದೆ. ಇದು ನಮ್ಮ ಮಾವನ ಜೀಪಿನ, ಅದರೊಳಗಿದ್ದ ಒಂದು ಹಾರ್ಡ್ ಡಿಸ್ಕಿನ ಮತ್ತು ನನ್ನ ಅಜ್ಜಿಯ 64 ಹಾಡುಗಳ ವೃತ್ತಾಂತ.

ಅಜ್ಜಿ ಹಾಡುಗಾರ್ತಿಯೆಂದು ಊರೆಲ್ಲ ಹೆಸರಾದವರಲ್ಲ. ಪೆರ್ಲದಿಂದ ಒಳಗೆ, ಅಡಿಕೆ ತೋಟದ ನಡುವೆ ಇರುವ ಅಜ್ಜನಮನೆಯಲ್ಲಿ ಮದುವೆಯೋ ಸೀಮಂತವೋ ನಡೆದರೆ ಹೆಂಗಸರ ನಡುವಿನಿಂದ ಮೊದಲು ಏಳುತ್ತಿದ್ದ ದನಿ ಅವರದು. ಎಣ್ಣೆ ಅರಸಿನ ಹಚ್ಚುವಾಗಿನ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡು ಹೀಗೆ ಒಂದೊಂದು ಹೊತ್ತಿಗೆ ಒಂದೊಂದು. ನಾನು ಪದವಿ ತರಗತಿಯಲ್ಲಿದ್ದಾಗ, 1998 ಮತ್ತು 1999ರ ಬೇಸಗೆ ರಜೆಗಳಲ್ಲಿ, ಅವನ್ನು 11 ಕ್ಯಾಸೆಟ್ಟುಗಳಿಗೆ ತುಂಬಿಸಿದೆ. ಪ್ರತಿಯೊಂದು ಹಾಡಿನ ಮೊದಲ ಮಾತು, ಹಾಡುವ ಸಂದರ್ಭ ಮತ್ತು ತಾರೀಖನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಹಾಡಿನ ಪೂರ್ಣ ಪಾಠವನ್ನು ಬರೆದುಕೊಳ್ಳಲಿಲ್ಲ. ಕ್ಯಾಸೆಟ್ಟಿನಲ್ಲಿ ಇದೆಯಲ್ಲ, ಪುರುಸೊತ್ತಾದಾಗ ಬರೆದರಾಯಿತು ಎಂಬ ಧೈರ್ಯ ಇತ್ತು.

2006ರಲ್ಲಿ ಮಾವನ ಮಗ, ಅಂದರೆ ನಮ್ಮ ಭಾವ, ಶಾರ್ಜಾದಿಂದ ರಜೆಗೆ ಬಂದಾಗ ಜೀಪಿಗೆಂದು ಹೊಸ ಪ್ಲೇಯರೊಂದನ್ನು ತಂದರು. ಅದರ ಹೊಟ್ಟೆಯಲ್ಲಿ ಲ್ಯಾಪ್‌ಟಾಪಿಗೆ ಹಾಕುವಂತಹ ಎರಡೂವರೆ ಇಂಚಿನ, 40 ಜಿಬಿಯ ಹಾರ್ಡ್ ಡಿಸ್ಕ್ ಇತ್ತು. ಕ್ಯಾಸೆಟ್ಟು ತಿರುವಿ ಹಾಕುವ ಕೆಲಸವಿಲ್ಲ, ಸಿ.ಡಿ. ಗೀಚುವ ಭಯವಿಲ್ಲ. ಅಜ್ಜಿಯ 11 ಕ್ಯಾಸೆಟ್ಟುಗಳನ್ನೂ ಮಾವನ ಪ್ರೀತಿಯ ತಾಳಮದ್ದಳೆಗಳನ್ನೂ ಗಣಕಕ್ಕೆ ಇಳಿಸಿ, ಅಲ್ಲಿಂದ ಡಿಸ್ಕಿಗೆ ಏರಿಸಲು ನಾವಿಬ್ಬರು ಒಂದು ವಾರ ಕುಳಿತೆವು. ಮೊದಲ ದಿನ ಅಜ್ಜಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಅವರದೇ ಹಾಡನ್ನು ಹಾಕಿದಾಗ ಅವರು ಗಾಬರಿಯಾಗಿ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಆನು ಇಲ್ಲಿ ಕೂದೊಂಡಿದ್ದೆ. ಅಲ್ಲಿ ಪದ ಹೇಳುದು ಆರು?" ಆಮೇಲೆ ಅವರಿಗೆ ಅದು ರೂಢಿಯಾಯಿತು. ಬದಿಯಡ್ಕದ ಪೇಟೆಗೆ ಹೋಗುವಾಗ ದಾರಿಯುದ್ದಕ್ಕೂ ತಮ್ಮ ದನಿಗೆ ತಾವೇ ದನಿಗೂಡಿಸುತ್ತಿದ್ದರು.

ಆ ಪ್ಲೇಯರು ತಡವರಿಸಲು ಹೆಚ್ಚು ದಿನ ಹಿಡಿಯಲಿಲ್ಲ. ಹಾಡು ನಡುವೆ ನಿಂತು, ಎರಡು ಮೂರು ಸೆಕೆಂಡು ಮೌನವಾಗಿ, ಮತ್ತೆ ಮುಂದುವರಿಯುತ್ತಿತ್ತು. ನಾವೆಲ್ಲರೂ ದೂರಿದ್ದು ರಸ್ತೆಯನ್ನು. ಆದರೆ ಸ್ವಲ್ಪ ಗಮನವಿಟ್ಟು ನೋಡಿದಾಗ ವಿಚಿತ್ರವೊಂದು ಕಂಡಿತು. ಮನೆಯಿಂದ ಡಾಮರು ರಸ್ತೆಗೆ ಏರುವ ಮುರಕಲ್ಲಿನ ದಾರಿಯಲ್ಲಿ ಜೀಪು ಎತ್ತಿ ಹಾಕಿದಾಗ, ನಮ್ಮ ತಲೆ ಮೇಲಿನ ಕಂಬಿಗೆ ತಾಗುವಷ್ಟು ಹಾರಿದಾಗ, ಹಾಡು ನಿಲ್ಲುತ್ತಿರಲಿಲ್ಲ. ಪೇಟೆಯಲ್ಲಿ ಎಂಜಿನು ಆರಿಸದೆ ಅಂಗಡಿಯ ಮುಂದೆ ನಿಲ್ಲಿಸಿದಾಗ, ಮುಂಭಾಗದ ತಗಡು ಗುರ್ರೆಂದು ಅದುರುವ ಹೊತ್ತಿನಲ್ಲಿ, ನಿಲ್ಲುತ್ತಿತ್ತು. ಮಾವ ತಾಳಮದ್ದಳೆಯ ಪೀಠಿಕೆಗೆ ಮೊದಲು ಬರುವ ಚೆಂಡೆಯ ಸದ್ದನ್ನು ದೊಡ್ಡದು ಮಾಡಿದಾಗ ಇನ್ನೂ ಹೆಚ್ಚು ನಿಲ್ಲುತ್ತಿತ್ತು. ದೊಡ್ಡ ಪೆಟ್ಟನ್ನು ತಾಳಿಕೊಂಡದ್ದು ಸಣ್ಣ ಅದುರಿಗೆ ಸೋಲುವುದೇಕೆಂಬುದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅಂದು ಪ್ರಯತ್ನಿಸಲೂ ಇಲ್ಲ. ಭಾಷೆಯ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆ ಎಂದುಕೊಂಡೆ. ಬಹಳ ತಡವಾಗಿ ಕಲಿತದ್ದನ್ನು ಈಗ ನಿಮಗಾಗಿ ಇಲ್ಲಿ ಬರೆಯುತ್ತೇನೆ.

ಹಾರ್ಡ್ ಡಿಸ್ಕ್ ಎಂಬುದು ಹುಟ್ಟಿದ್ದು 1956ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಐಬಿಎಂ ಸಂಸ್ಥೆ ರಾಮಾಕ್ ಎಂಬ ಯಂತ್ರವನ್ನು ಪ್ರಕಟಿಸಿದಾಗ. ಅದೇ ವರ್ಷದ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ಆ ಇಸವಿ ಕೇಳಿದೊಡನೆ ಕಿವಿ ನಿಮಿರುವ ನಮ್ಮವರಿಗೆ ನೆನಪಿಟ್ಟುಕೊಳ್ಳಲು ಸುಲಭ. ಆ ಮೊದಲ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಒಂದು ಟನ್ನಿನಷ್ಟು ತೂಕದ ಅದು ಹಿಡಿದಿಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಅಜ್ಜಿಯ ಒಂದು ಹಾಡಿನ ಧ್ವನಿಯನ್ನು ಇಂದಿನ ಎಂಪಿ3 ರೂಪಕ್ಕೆ ಇಳಿಸಿದರೂ ಅದಕ್ಕೆ ಅಷ್ಟೇ ಜಾಗ ಬೇಕಾಗುತ್ತದೆ.

ತತ್ತ್ವ ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ. ಕಾಂತಗುಣದ ಲೇಪವಿರುವ ತಟ್ಟೆ ತಿರುಗುತ್ತದೆ. ಅದರ ಮೇಲೆ ತೋಳೊಂದರ ತುದಿಯಲ್ಲಿ, ಹೆಡ್ ಎಂದು ಕರೆಯುವ ಓದುಮೊನೆ ನಿಂತು ಕಾಂತದ ಗುರುತುಗಳನ್ನು ಓದುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿ ಓದುತ್ತದೆ. ಇದು ಮುಟ್ಟದೆ ಓದಬೇಕು. ಗಾಳಿಯ ತೆಳುವಾದ ಹಾಸಿನ ಮೇಲೆ ಮೊನೆ ತೇಲುತ್ತದೆ. ರಾಮಾಕಿನಲ್ಲಿ ಆ ಅಂತರ ಸುಮಾರು 20 ಮೈಕ್ರಾನ್ ಇತ್ತು, ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ ಕಾಲು ಭಾಗ. ನಮ್ಮ ಜೀಪಿನಲ್ಲಿದ್ದಂತಹ ಡಿಸ್ಕುಗಳ ಕಾಲಕ್ಕೆ ಅದು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ನಮ್ಮ ಡಿಸ್ಕ್ ನಿಮಿಷಕ್ಕೆ 4200 ಸುತ್ತು, ಅಂದರೆ ಸೆಕೆಂಡಿಗೆ 70 ಸುತ್ತು ತಿರುಗುತ್ತಿತ್ತು. ಲೆಕ್ಕ ಹಾಕಿದರೆ ತಟ್ಟೆಯ ಅಂಚು ಗಂಟೆಗೆ 50 ಕಿಲೋಮೀಟರಿನ ವೇಗದಲ್ಲಿ ಓಡುತ್ತದೆ. ಮಾವನ ಜೀಪು ಆ ದಾರಿಯಲ್ಲಿ ಎಂದೂ ಅಷ್ಟು ವೇಗವಾಗಿ ಓಡಿರಲಾರದು.

ಇನ್ನೊಂದು ಸೂಕ್ಷ್ಮವಿದೆ. ಗುರುತುಗಳನ್ನು ತಟ್ಟೆಯ ಮೇಲೆ ಸುತ್ತುಸುತ್ತಾದ ಸಾಲುಗಳಲ್ಲಿ ಬರೆದಿರುತ್ತದೆ. ಆ ಕಾಲದ ಡಿಸ್ಕಿನಲ್ಲಿ ಒಂದು ಇಂಚಿನ ಅಗಲದೊಳಗೆ ಹತ್ತಿರ ಹತ್ತಿರ ಒಂದು ಲಕ್ಷ ಸಾಲುಗಳು. ಓದುಮೊನೆ ಬೇಕಾದ ಸಾಲಿನ ನಡುವಿನಿಂದ ಸ್ವಲ್ಪ ಸರಿದರೂ ಪಕ್ಕದ ಸಾಲಿನ ಗೊಣಗು ಬೆರೆಯುತ್ತದೆ. ಆದ್ದರಿಂದ ಪ್ರತಿಯೊಂದು ಸಾಲಿನಲ್ಲಿಯೂ ಅಲ್ಲಲ್ಲಿ ದಾರಿಗುರುತುಗಳನ್ನು ಇಟ್ಟಿರುತ್ತಾರೆ. ಮೊನೆ ಅವನ್ನು ಓದಿಕೊಂಡು, "ನಾನು ಎಡಕ್ಕೆ ಸರಿದೆನೆ, ಬಲಕ್ಕೆ ಸರಿದೆನೆ" ಎಂದು ಸೆಕೆಂಡಿಗೆ ಸಾವಿರಾರು ಬಾರಿ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ತಿದ್ದಿಕೊಳ್ಳಲಾಗದಷ್ಟು ಸರಿದರೆ ಓದುವುದು ತಪ್ಪುತ್ತದೆ. ತಟ್ಟೆ ಮತ್ತೊಂದು ಸುತ್ತು ಬರುವವರೆಗೆ ಕಾದು ಪುನಃ ಓದಲು ಯತ್ನಿಸಬೇಕು. ಒಂದು ಸುತ್ತಿಗೆ ಸೆಕೆಂಡಿನ ಎಪ್ಪತ್ತರಲ್ಲೊಂದು ಪಾಲು ಹೊತ್ತು. ಒಂದೆರಡು ಬಾರಿ ತಪ್ಪಿದರೆ ಕೇಳುಗನಿಗೆ ಗೊತ್ತಾಗದು. ನೂರಾರು ಬಾರಿ ತಪ್ಪಿದಾಗ ಹಾಡು ನಿಲ್ಲುತ್ತದೆ. ನಾವು ಕೇಳುತ್ತಿದ್ದ ಆ ಎರಡು ಮೂರು ಸೆಕೆಂಡಿನ ಮೌನದಲ್ಲಿ ಯಂತ್ರ ಸುಮ್ಮನಿರಲಿಲ್ಲ. ತಪ್ಪಿದ ಸಾಲನ್ನು ಮತ್ತೆ ಮತ್ತೆ ಹುಡುಕುತ್ತಿತ್ತು.

ಈಗ ನಮ್ಮ ಒಗಟಿಗೆ ಬರೋಣ. ರಸ್ತೆಯ ಗುಂಡಿಯಲ್ಲಿ ವಾಹನದ ಮೈ ಎತ್ತಿ ಹಾಕುವುದು ಸೆಕೆಂಡಿಗೆ ಒಂದೆರಡು ಬಾರಿ. ಚಕ್ರ ಪುಟಿಯುವುದು ಹತ್ತು ಹದಿನೈದು ಬಾರಿ. ಈ ನಿಧಾನದ ಚಲನೆಯಲ್ಲಿ ತಟ್ಟೆ, ತೋಳು, ಪೆಟ್ಟಿಗೆ ಎಲ್ಲವೂ ಒಟ್ಟಾಗಿ ಮೇಲೇರಿ ಒಟ್ಟಾಗಿ ಇಳಿಯುತ್ತವೆ. ಅಲ್ಪಸ್ವಲ್ಪ ಸರಿದುದನ್ನು ತಿದ್ದಿಕೊಳ್ಳಲು ಮೊನೆಗೆ ಧಾರಾಳ ಸಮಯವಿದೆ. ಅಲ್ಲದೆ ತೋಳನ್ನು ತಕ್ಕಡಿಯ ಕೋಲಿನಂತೆ ಅದರ ತಿರುಗುಬಿಂದುವಿನ ಮೇಲೆ ಸಮತೂಕವಾಗಿ ಕೂರಿಸಿರುತ್ತಾರೆ. ನೇರವಾಗಿ ಎತ್ತಿ ಹಾಕಿದರೆ ಅದು ವಾಲುವುದಿಲ್ಲ. ಆದರೆ ಪೆಟ್ಟಿಗೆಯನ್ನೇ ಅತ್ತಿತ್ತ ತಿರುಚಿದರೆ ಸಮತೂಕ ನೆರವಾಗುವುದಿಲ್ಲ. ಪೆಟ್ಟಿಗೆ ತಿರುಗಿದರೂ ತೋಳು ಇದ್ದಲ್ಲೇ ನಿಲ್ಲಬಯಸಿ ಸಾಲು ತಪ್ಪುತ್ತದೆ. ಇನ್ನು ಸಡಿಲವಾದ ತಗಡು ಗುರ್ರೆನ್ನುವುದು ಸೆಕೆಂಡಿಗೆ ನೂರಾರು ಬಾರಿ. ಆ ವೇಗಕ್ಕೆ ತಿದ್ದುಪಡಿಯೇ ಹಿಂದೆ ಬೀಳುತ್ತದೆ. ಒಂದು ತಪ್ಪನ್ನು ತಿದ್ದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಲ್ಯಾಪ್‌ಟಾಪ್ ಡಿಸ್ಕುಗಳ ವಿವರಪತ್ರದಲ್ಲಿ ಈ ಭೇದವನ್ನು ಅಂಕಿಗಳಲ್ಲಿಯೇ ಕಾಣಬಹುದು. ತಿರುಗುತ್ತಿರುವಾಗ ಎರಡು ಮಿಲಿಸೆಕೆಂಡಿನ ಒಂದು ಪೆಟ್ಟನ್ನು, ಅದು ಗುರುತ್ವದ 200 ಪಟ್ಟನ್ನು ಮೀರಿದರೂ, ತಾಳಬಲ್ಲವೆಂದು ಬರೆದಿರುತ್ತದೆ. ಎಡೆಬಿಡದ ಕಂಪನಕ್ಕೆ ಬಂದಾಗ ಮಿತಿ ಗುರುತ್ವದ ಒಂದು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ನಾವು ಪ್ಲೇಯರನ್ನು ಕೂರಿಸಿದ್ದಾದರೂ ಹೇಗೆ? ನಾಲ್ಕು ತಿರುಪುಗಳ ಜಾಗದಲ್ಲಿ ಒಂದು ಬದಿಯ ಎರಡು ಮಾತ್ರ ಹೊಂದಿಕೊಂಡಿದ್ದವು. ಇನ್ನೊಂದು ಬದಿ ಸಡಿಲವಾಗಿ ತೂಗುತ್ತಿತ್ತು. ಎಂಜಿನಿನ ಪ್ರತಿ ಅದುರಿಗೂ ಪೆಟ್ಟಿಗೆ ತಿರುಚಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಸ್ಪೀಕರುಗಳನ್ನು ಅದೇ ತಗಡಿಗೆ, ಪ್ಲೇಯರಿನ ಇಕ್ಕೆಲಗಳಲ್ಲಿ ಬಿಗಿದಿದ್ದೆವು. ಚೆಂಡೆಯ ಸದ್ದು ಮೊದಲು ನಡುಗಿಸುತ್ತಿದ್ದುದು ತನ್ನನ್ನು ಹೊತ್ತಿದ್ದ ತಟ್ಟೆಯನ್ನೇ.

ಸದ್ದಿಗೆ ಡಿಸ್ಕ್ ಬೆದರುತ್ತದೆಯೆಂದರೆ ನಂಬಲು ಕಷ್ಟವೆನಿಸಬಹುದು. 2008ರ ಕೊನೆಯ ದಿನ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ತಂತ್ರಜ್ಞ ಬ್ರೆಂಡನ್ ಗ್ರೆಗ್ ಒಂದು ವಿಡಿಯೊ ಪ್ರಕಟಿಸಿದರು. ಅದರಲ್ಲಿ ಅವರು ಸಾಲಾಗಿ ಜೋಡಿಸಿದ ಡಿಸ್ಕುಗಳ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಕಿರುಚುತ್ತಾರೆ. ಕಿರುಚಿದ ಕ್ಷಣದಲ್ಲಿಯೇ ಡಿಸ್ಕುಗಳ ಕೆಲಸ ತಡವಾದುದು ಪರದೆಯ ಮೇಲಿನ ನಕ್ಷೆಯಲ್ಲಿ ಮೂಡುತ್ತದೆ. ಇದಕ್ಕಿಂತಲೂ ವಿಚಿತ್ರವಾದುದನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಬರೆದರು. ಜಾನೆಟ್ ಜಾಕ್ಸನ್ನರ 1989ರ 'ರಿದಮ್ ನೇಷನ್' ಹಾಡನ್ನು ನುಡಿಸಿದಾಗ ಕೆಲವು ಲ್ಯಾಪ್‌ಟಾಪುಗಳು ಸ್ತಬ್ಧವಾಗುತ್ತಿದ್ದವು; ಹಾಡು ಪಕ್ಕದ ಇನ್ನೊಂದು ಲ್ಯಾಪ್‌ಟಾಪಿನಿಂದ ಬಂದರೂ ಸಾಕು. ನಿಮಿಷಕ್ಕೆ 5400 ಸುತ್ತಿನ ಒಂದು ಬಗೆಯ ಡಿಸ್ಕಿನ ಸಹಜ ಕಂಪನಕ್ಕೂ ಆ ಹಾಡಿನ ಒಂದು ಸ್ವರಕ್ಕೂ ತಾಳೆಯಾಗುತ್ತಿತ್ತಂತೆ. ತಯಾರಕರು ಕೊನೆಗೆ ಆ ಸ್ವರವನ್ನು ಸೋಸಿ ತೆಗೆಯುವ ವ್ಯವಸ್ಥೆಯನ್ನೇ ಲ್ಯಾಪ್‌ಟಾಪಿನ ಧ್ವನಿಭಾಗಕ್ಕೆ ಸೇರಿಸಿದರು. ಇದನ್ನು ಓದಿದ ದಿನ ನನಗೆ ನೆನಪಾದುದು ಮಾವನ ಚೆಂಡೆ.

2009ರ ಆಷಾಢದಲ್ಲಿ ಅಜ್ಜಿ ತೀರಿಕೊಂಡರು. ಆ ವರ್ಷದ ದೀಪಾವಳಿಗೆ ಎಲ್ಲರೂ ಸೇರಿದ್ದಾಗ ಜೀಪಿನಲ್ಲಿ ಹಾಡು ಹಾಕಿದೆವು. ಪ್ಲೇಯರು ಎರಡು ನಿಮಿಷಕ್ಕೊಮ್ಮೆ ನಿಲ್ಲುವ ಹಂತಕ್ಕೆ ಬಂದಿತ್ತು. ನಾನೂ ಭಾವನೂ ಡಿಸ್ಕನ್ನು ಕಳಚಿ ಒಳಗೆ ತಂದು, ಮೇಜಿನ ಮೇಲಿಟ್ಟು, ಗಣಕಕ್ಕೆ ಜೋಡಿಸಿದೆವು. ಒಂದು ತಡೆಯೂ ಇಲ್ಲದೆ ಹಾಡಿತು. ಹಸೆಗೆ ಕರೆಯುವ ಹಾಡನ್ನು ಅತ್ತೆ, ಅಮ್ಮ, ಮಕ್ಕಳು ಎಲ್ಲರೂ ಜಗಲಿಯಲ್ಲಿ ಕುಳಿತು ಕೊನೆಯವರೆಗೆ ಕೇಳಿದರು. "ನೋಡು, ಡಿಸ್ಕಿಗೆ ಏನೂ ಆಗಿಲ್ಲ. ಜೀಪಿನದ್ದೇ ತೊಂದರೆ" ಎಂದರು ಭಾವ. ನನಗೂ ಹಾಗೆಯೇ ಅನಿಸಿತು.

ಆ ಸಂಜೆ ಇನ್ನೊಂದು ಪ್ರತಿ ಮಾಡಿಕೊಳ್ಳಲು ಅರ್ಧ ಗಂಟೆ ಸಾಕಾಗುತ್ತಿತ್ತು. ಮಾಡಿಕೊಳ್ಳಲಿಲ್ಲ. ಮೂಲ ಕ್ಯಾಸೆಟ್ಟುಗಳಿಗೆ ಎರಡು ಮಳೆಗಾಲಗಳಲ್ಲಿ ಬೂಷ್ಟು ಹಿಡಿದು ಸುರುಳಿ ಅಂಟಿಕೊಂಡಿತ್ತು. "ಎಲ್ಲವೂ ಡಿಸ್ಕಿನಲ್ಲಿದೆಯಲ್ಲ" ಎಂದು ಅವನ್ನು ಬಿಸಾಡಲು ಹೇಳಿದವನು ನಾನೇ. ಗಣಕದಲ್ಲಿದ್ದ ಪ್ರತಿಯನ್ನು ಸಂಶೋಧನ ಪ್ರಬಂಧದ ಕಾಲಕ್ಕೆ ಜಾಗ ಸಾಲದೆ ಅಳಿಸಿದವನೂ ನಾನೇ. ಆ ದೀಪಾವಳಿಯ ಸಂಜೆ, ಅಜ್ಜಿಯ 64 ಹಾಡುಗಳು ಇದ್ದ ಜಾಗ ಜಗತ್ತಿನಲ್ಲಿ ಅದೊಂದೇ. ಮೇಜಿನ ಮೇಲೆ ಅದು ಸುಸ್ಥಿತಿಯಲ್ಲಿ ಹಾಡುತ್ತಿದ್ದಾಗ ನಾನು ಎದುರಿಗೆ ಕುಳಿತಿದ್ದೆ.

ಮರುದಿನ ನಾವು ಪರಿಹಾರವೆಂದು ಮಾಡಿದ್ದು ಇನ್ನೊಂದು ತಪ್ಪು. ಸೈಕಲ್ ಟ್ಯೂಬಿನ ತುಂಡುಗಳನ್ನು ನಾಲ್ಕು ಪದರ ಮಡಚಿ ಡಿಸ್ಕಿನ ಅಡಿಗೂ ಬದಿಗೂ ಇಟ್ಟು, ಅದನ್ನು ಪ್ಲೇಯರಿನೊಳಗೆ ತೇಲುವಂತೆ ಕೂರಿಸಿದೆವು. ಮೆತ್ತೆ ಹಾಕಿದರೆ ಅದುರು ಕಡಿಮೆಯಾಗುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ನಿಜ. ಮೆತ್ತೆಯ ಮೇಲೆ ಕುಳಿತ ಯಾವ ವಸ್ತುವಿಗೂ ತನ್ನದೇ ಆದ ತೂಗಾಟದ ಲಯವೊಂದು ಇರುತ್ತದೆ. ಹೊರಗಿನ ಅದುರು ಆ ಲಯಕ್ಕಿಂತ ಬಹಳ ವೇಗದ್ದಾದರೆ ಮೆತ್ತೆ ಅದನ್ನು ನುಂಗಿಬಿಡುತ್ತದೆ. ಅದೇ ಲಯದ್ದಾದರೆ, ಉಯ್ಯಾಲೆಯನ್ನು ಹೊತ್ತು ನೋಡಿ ನೂಕಿದಂತೆ, ಅಲುಗಾಟ ಇಮ್ಮಡಿ ಮುಮ್ಮಡಿಯಾಗುತ್ತದೆ. ಇದನ್ನೇ ಅನುರಣನವೆನ್ನುತ್ತಾರೆ. ನಮ್ಮ ಟ್ಯೂಬಿನ ಮೆತ್ತೆ ತಗಡಿನ ಗುರ್ರನ್ನು ತಡೆದಿರಬೇಕು. ಪೇಟೆಯಲ್ಲಿ ನಿಂತಾಗ ಹಾಡು ನಿಲ್ಲುವುದು ಕಡಿಮೆಯಾಯಿತು. ಆದರೆ ಚಕ್ರಗಳು ಪುಟಿಯುವ ಲಯಕ್ಕೆ ಡಿಸ್ಕ್ ಕುಣಿಯತೊಡಗಿತು. ಮುರಕಲ್ಲಿನ ದಾರಿಯಲ್ಲಿ ಅದು ಪೆಟ್ಟಿಗೆಯ ಗೋಡೆಗೆ ಟಕಟಕನೆ ಬಡಿಯುವುದು ಎಂಜಿನಿನ ಸದ್ದಿನ ನಡುವೆಯೂ ಕೇಳುತ್ತಿತ್ತು. ಬಿಗಿದರೆ ಒಂದು ಕಷ್ಟ, ಸಡಿಲಿಸಿದರೆ ಇನ್ನೊಂದು ಕಷ್ಟ. ಎಷ್ಟು ಮೆತ್ತಗಿರಬೇಕೆಂಬುದನ್ನು ಅಳೆದು ನೋಡಬೇಕಿತ್ತು. ನಾವು ಊಹೆಯಿಂದ ಮಾಡಿದೆವು.

2010ರ ಜನವರಿಯಲ್ಲಿ ಒಂದು ಬೆಳಗ್ಗೆ ಜೀಪು ಹೊರಡಿಸಿದಾಗ ಪ್ಲೇಯರಿನಿಂದ ಹಾಡಿನ ಬದಲು ಟಿಕ್ ಟಿಕ್ ಎಂಬ ಸದ್ದು ಮಾತ್ರ ಬಂತು. ಡಿಸ್ಕನ್ನು ಮಂಗಳೂರಿಗೆ ಒಯ್ದೆ. ರಿಪೇರಿಯವರು ಅದನ್ನು ತಮ್ಮಲ್ಲಿ ಮೂರು ವಾರ ಇಟ್ಟುಕೊಂಡರು. ಹೋದಾಗ ನನ್ನನ್ನು ಕೂರಿಸಿ ಹೇಳಿದರು: "ಮಾಷ್ಟ್ರೇ, ಇದು ಒಂದು ಪೆಟ್ಟಿಗೆ ಸತ್ತದ್ದಲ್ಲ. ದಿನಾ ನಡುಗಿ ನಡುಗಿ ಸವೆದದ್ದು." ಓದುಮೊನೆ ಅಲುಗಾಟದಲ್ಲಿ ಆಗಾಗ ತಟ್ಟೆಗೆ ತಾಗಿ ಅದರ ಮೈ ಗೀಚಿತ್ತು. ಗೀಚಿದಾಗ ಎದ್ದ ಪುಡಿ ಇನ್ನಷ್ಟು ಗೀಚಿತ್ತು. ಗೀಚಿದ ಜಾಗದಲ್ಲಿ ಇದ್ದುದು ಇನ್ನಿಲ್ಲ. ಅಲ್ಲಿ ಕಾಂತದ ಲೇಪವೇ ಎದ್ದುಹೋಗಿದೆ. ಉಳಿದ ಜಾಗಗಳಿಂದ ಆದಷ್ಟು ತೆಗೆದುಕೊಟ್ಟರು. "ದೀಪಾವಳಿ ಹೊತ್ತಿಗೆ ಮೇಜಿನ ಮೇಲೆ ಸರಿಯಾಗಿ ಹಾಡ್ತಿತ್ತು ಅಂತೀರಿ. ಆಗಲೇ ತಂದಿದ್ರೆ ಒಂದು ಪೈಸೆ ಖರ್ಚಿಲ್ಲದೆ ಪೂರಾ ಸಿಗ್ತಿತ್ತಲ್ಲ" ಎಂದರು. ಅವರು ದೂಷಿಸಲೆಂದು ಹೇಳಿದ ಮಾತಲ್ಲ. ನಾನು ಉತ್ತರಿಸಲಿಲ್ಲ.

ಮನೆಗೆ ಬಂದು ನೋಟುಪುಸ್ತಕದ ಪಟ್ಟಿಗೆ ತಾಳೆ ನೋಡಿದೆ. 64ರಲ್ಲಿ ಪೂರ್ತಿಯಾಗಿ ಉಳಿದವು 13. ನಡುನಡುವೆ ತುಂಡಾಗಿ ಸಿಕ್ಕಿದವು 9. ಉಳಿದ 42 ಹಾಡುಗಳ ಮೊದಲ ಮಾತು, ಸಂದರ್ಭ ಮತ್ತು ತಾರೀಖು ಮಾತ್ರ ನನ್ನ ಕೈಯಲ್ಲಿದ್ದವು. ಅಷ್ಟನ್ನಾದರೂ ಹಾಳೆಯ ಮೇಲೆ ಮಸಿಯಲ್ಲಿ ಬರೆದಿದ್ದೆನಲ್ಲ ಎಂಬ ಸಮಾಧಾನ ಒಂದು ಕಡೆ. ಏನನ್ನು ಕಳೆದುಕೊಂಡೆನೆಂಬುದರ ಅಚ್ಚುಕಟ್ಟಾದ ಪಟ್ಟಿಯನ್ನು ನಾನೇ ಸಿದ್ಧಪಡಿಸಿ ಇಟ್ಟಿದ್ದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ.

ವಾಹನದಲ್ಲಿ ಡಿಸ್ಕ್ ಇಡುವುದೇ ಮೂರ್ಖತನವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ತಿಳಿದವರು ಅದನ್ನು ಮಾಡಿ ತೋರಿಸಿದ್ದರು. 1999ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನ ಎಂಪೆಗ್ ಎಂಬ ಸಣ್ಣ ಸಂಸ್ಥೆ ಲ್ಯಾಪ್‌ಟಾಪ್ ಡಿಸ್ಕಿನ ಕಾರ್ ಪ್ಲೇಯರನ್ನು ಮಾರಲಾರಂಭಿಸಿತು. ಮರುವರ್ಷ ಅದನ್ನು ಅಮೆರಿಕದ ಸೋನಿಕ್‌ಬ್ಲೂ ಸಂಸ್ಥೆ ಕೊಂಡಿತು. 'ರಿಯೊ ಕಾರ್' ಎಂಬ ಹೆಸರು ಪಡೆದ ಆ ಯಂತ್ರದ ತಯಾರಿಕೆ 2001ರಲ್ಲಿ ನಿಂತಿತು. ಅದೇ 2001ರ ಅಕ್ಟೋಬರಿನಲ್ಲಿ ಬಂದ ಆಪಲ್ ಸಂಸ್ಥೆಯ ಮೊದಲ ಐಪಾಡಿನಲ್ಲಿ 5 ಜಿಬಿಯ ಪುಟ್ಟ ಡಿಸ್ಕಿನ ಜೊತೆಗೆ, ಅಲುಗಾಟಕ್ಕೆ ಜಗ್ಗದ 32 ಎಂಬಿಯ ಚಿಪ್ಪು ಇತ್ತು. ಡಿಸ್ಕ್ ಸ್ವಲ್ಪ ಹೊತ್ತು ತಿರುಗಿ, ಮುಂದಿನ ಹಲವು ಹಾಡುಗಳನ್ನು ಒಮ್ಮೆಲೆ ಚಿಪ್ಪಿಗೆ ತುಂಬಿಸಿ, ಮೊನೆಯನ್ನು ಬದಿಗೆ ಸರಿಸಿ ನಿಂತುಬಿಡುತ್ತಿತ್ತು. 20 ನಿಮಿಷಗಳವರೆಗೆ ಹಾಡು ತಪ್ಪದೆಂದು ತಯಾರಕರು ಹೇಳಿಕೊಂಡದ್ದು ಈ ಉಪಾಯದ ಬಲದಿಂದ. ನಿಂತ ಡಿಸ್ಕಿಗೆ ಓದು ತಪ್ಪುವ ಪ್ರಶ್ನೆಯೇ ಇಲ್ಲ. ಮುಂದೆ ವಾಹನಗಳಿಗೆಂದೇ ಡಿಸ್ಕುಗಳು ಬಂದವು. ಸೊನ್ನೆಗಿಂತ 30 ಡಿಗ್ರಿ ಕೆಳಗಿನಿಂದ 85 ಡಿಗ್ರಿವರೆಗೆ ತಾಳುವಂತಹವು. ಇಂದು ತಿರುಗುವ ಭಾಗವೇ ಇಲ್ಲದ ಚಿಪ್ಪುಗಳು ಆ ಜಾಗವನ್ನು ಹಿಡಿದಿವೆ. ಮೊಬೈಲಿನಲ್ಲಿರುವುದೂ ಅದೇ ಬಗೆಯದು. ಅವು ಅದುರಿಗೆ ಅಳುಕುವುದಿಲ್ಲ. ಹಾಗೆಂದು ಮೊಬೈಲು ಹೊಳೆಗೆ ಬೀಳದೆಂದೂ ಕಳೆದುಹೋಗದೆಂದೂ ಇಲ್ಲ.

ಎಂಪೆಗ್ಗಿನ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆಯೇ. ಆ ಪ್ಲೇಯರನ್ನು ಕಾರಿನಿಂದ ಸರಕ್ಕನೆ ಹೊರಗೆಳೆದು ಮನೆಗೆ ತಂದು, ಗಣಕಕ್ಕೆ ಜೋಡಿಸಿ ಹಾಡು ತುಂಬಿಸುವಂತೆ ಮಾಡಿದ್ದರು. ಎಂದರೆ ಹಾಡುಗಳ ಭಂಡಾರ ಮನೆಯಲ್ಲಿ, ಕಾರಿನೊಳಗೆ ಇರುವುದು ಕೇಳಲಿಕ್ಕೆ ಒಯ್ದ ಪ್ರತಿ. ನಾವು ಮಾಡಿದ ಮೂಲ ತಪ್ಪು ತಿರುಪಿನದೂ ಅಲ್ಲ, ಟ್ಯೂಬಿನದೂ ಅಲ್ಲ. ಮೂಲಗಳನ್ನೆಲ್ಲ ಒಂದೊಂದಾಗಿ ಕಳೆದು, ದಾರಿಖರ್ಚಿಗೆಂದು ಕೊಟ್ಟ ಪ್ರತಿಯನ್ನೇ ಭಂಡಾರ ಮಾಡಿ ಅದನ್ನು ಮುರಕಲ್ಲಿನ ದಾರಿಯಲ್ಲಿ ದಿನಾ ಓಡಿಸಿದೆವು.

ಉಳಿದದ್ದು ಒಂದು ಮಾತು. ಡಿಸ್ಕ್ ಹೋದ ವರ್ಷ, ಬೇಸರದಿಂದ ಆ ಪಟ್ಟಿಯನ್ನು ಅತ್ತೆಯ ಮುಂದೆ ಓದುತ್ತಿದ್ದೆ. ನಾಲ್ಕನೆಯ ಹಾಡಿನ ಮೊದಲ ಮಾತು ಓದಿದೊಡನೆ ಅತ್ತೆ, ಅಡಿಕೆ ಸುಲಿಯುವ ಕೈ ನಿಲ್ಲಿಸದೆ, ಮುಂದಿನದನ್ನು ಹಾಡಿದರು. ಸೊಸೆಯಾಗಿ ಆ ಮನೆಗೆ ಬಂದು 30 ವರ್ಷ ಅಜ್ಜಿಯ ಬಳಿ ಕುಳಿತು ದನಿಗೂಡಿಸಿದವರು ಅವರು. ಕ್ಯಾಸೆಟ್ಟು ತುಂಬಿಸುವ ದಿನಗಳಲ್ಲಿ ಅವರೂ ಹಾಡುತ್ತಾರೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವರು ನಮಗೆಲ್ಲ ಕಾಫಿ ಮಾಡುತ್ತಿದ್ದರು. ಮೂರು ಬೇಸಗೆಗಳಲ್ಲಿ ಅವರಿಂದ ಪಟ್ಟಿಯ 18 ಹಾಡುಗಳನ್ನು ಬರೆದುಕೊಂಡೆ. ಅವುಗಳಲ್ಲಿ 5 ಡಿಸ್ಕಿನಿಂದ ಪೂರ್ತಿಯಾಗಿ ಸಿಕ್ಕಿದ್ದವು, 6 ತುಂಡಾಗಿದ್ದವು, 7 ಪೂರ್ಣವಾಗಿ ಹೋಗಿದ್ದವು. ಇನ್ನೂ 35 ಹಾಡುಗಳು ಇಲ್ಲ. ಮೂರು ಹಾಡುಗಳು ತುಂಡಾಗಿಯೇ ಇವೆ.

ತುಂಡಾದ ಹಾಡೊಂದರಲ್ಲಿ, ಬೀಗರು ತಂದ ಹೆಡಿಗೆಯಲ್ಲಿ ಏನಿದೆಯೆಂದು ಕೇಳುವ ಜಾಗದಲ್ಲಿ, ಅಜ್ಜಿಯ ದನಿ ಎರಡು ಸಾಲಿನಷ್ಟು ಹೊತ್ತು ಇಲ್ಲವಾಗುತ್ತದೆ. ಅತ್ತೆ ಆ ಎರಡು ಸಾಲನ್ನು ಹಾಡಿಕೊಟ್ಟರು. ಆದರೆ ಮುಂದಿನ ಸಾಲಿನಲ್ಲಿ ಅಜ್ಜಿ ಹೇಳುವ ವಸ್ತು ಒಂದು, ಅತ್ತೆ ಹೇಳುವುದು ಇನ್ನೊಂದು. ಹಾಗಾದರೆ ಕಳೆದ ಎರಡು ಸಾಲುಗಳಲ್ಲಿ ಅಜ್ಜಿ ಹಾಡಿದ್ದು ಏನು? ಅತ್ತೆಯನ್ನು ಕೇಳಿದೆ. "ಅವರು ಒಂದೊಂದು ಮದುವೆಗೆ ಒಂದೊಂದು ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಇದು" ಎಂದರು. ನೋಟುಪುಸ್ತಕದಲ್ಲಿ ಆ ಎರಡು ಸಾಲುಗಳನ್ನು ಬೇರೆ ಮಸಿಯಲ್ಲಿ, ಅತ್ತೆಯ ಹೆಸರಿನೊಡನೆ ಬರೆದಿದ್ದೇನೆ. ಪಾಠಾಂತರದ ಪಾಠ ಮಾಡುವಾಗ ನಾನು ತರಗತಿಗೆ ತರುವ ಹಳೆಯ ನೋಟುಪುಸ್ತಕ ಅದೇ.

ಆದ್ದರಿಂದ ಈ ವರ್ಷ ಕ್ಷೇತ್ರಕಾರ್ಯಕ್ಕೆ ಹೊರಡುವವರಲ್ಲಿ ನಾಲ್ಕು ವಿನಂತಿಗಳು. ಹಾಡನ್ನು ಮುದ್ರಿಸಿ ತಂದ ದಿನವೇ ಇನ್ನೆರಡು ಪ್ರತಿ ಮಾಡಿ. ಅವು ಒಂದೇ ಬಗೆಯ ಸಾಧನದಲ್ಲಿ ಬೇಡ, ಒಂದೇ ಮನೆಯಲ್ಲಿಯೂ ಬೇಡ. ಒಂದನ್ನು ವಿಭಾಗದ ಕಪಾಟಿಗೆ ಕೊಡಿ. ಯಾವ ಪ್ರತಿಯಾದರೂ ತಡವರಿಸಲು ಆರಂಭಿಸಿದರೆ, ಕಾರಣ ಹುಡುಕುವ ಮೊದಲು ನಕಲು ಮಾಡಿಕೊಳ್ಳಿ. ಹಾಡಿನ ಪೂರ್ಣ ಪಾಠವನ್ನು ಕಾಗದದ ಮೇಲೆ ಬರೆಯಿರಿ. ಬರೆದಾದ ಮೇಲೆ, ಹಾಡಿದವರ ಪಕ್ಕದಲ್ಲಿ ಕುಳಿತವರನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತವರನ್ನೂ ಒಮ್ಮೆ ಕೇಳಿ, "ನಿಮಗೂ ಇದು ಬರುತ್ತದೆಯೆ?" ಎಂದು.

ಅತ್ತೆಗೆ ಈಗ ವಯಸ್ಸಾಗಿದೆ. ಜೀಪನ್ನು ಮಾವ ಮಾರಿ ಬಹಳ ವರ್ಷಗಳಾದವು. ಮುಂದಿನ ರಜೆಯಲ್ಲಿ ಪಟ್ಟಿಯ ಉಳಿದ 35 ಹಾಡುಗಳ ಮೊದಲ ಮಾತುಗಳನ್ನು ಹಿಡಿದುಕೊಂಡು ಸ್ವರ್ಗ, ಬಜಕೂಡ್ಲು, ಕಾಟುಕುಕ್ಕೆಯ ಕಡೆಯ ಮನೆಗಳಿಗೆ ಹೋಗಬೇಕೆಂದಿದ್ದೇನೆ. ಅಜ್ಜಿಯ ಜೊತೆ ಮದುವೆಮನೆಗಳಲ್ಲಿ ದನಿಗೂಡಿಸಿದವರು ಅಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಜೊತೆಗೆ ಬರುವ ವಿದ್ಯಾರ್ಥಿಗಳು ಹೆಸರು ಕೊಡಬಹುದು. ನೋಟುಪುಸ್ತಕ ನೀವೇ ತನ್ನಿ.